ಬರಣಿಯಲ್ಲಿ ಎಷ್ಟು ಪೆಪ್ಪರಮಿಂಟು? ಗೆಲ್ಲುವ ಅಂದಾಜಿಗೆ ಹದಿನಾಲ್ಕು ಸೂತ್ರಗಳು

ಶಾಲೆಯ ಮೆಟ್ರಿಕ್ ಮೇಳ ಇರಲಿ, ಮಕ್ಕಳ ಸಂತೆ ಇರಲಿ, ಒಂದು ಮೇಜಿನ ಸುತ್ತ ಯಾವಾಗಲೂ ನೂಕುನುಗ್ಗಲು. ಮೇಜಿನ ಮೇಲೊಂದು ಪಾರದರ್ಶಕ ಬರಣಿ, ಅದರ ತುಂಬ ಬಣ್ಣಬಣ್ಣದ ಪೆಪ್ಪರಮಿಂಟು. "ಒಳಗ ಎಷ್ಟವ ಹೇಳ್ರಿ, ಸರಿ ಹೇಳ್ದವರಿಗೆ ಬರಣಿನೇ ಬಹುಮಾನ!" ಬೀದರಿನ ನೌಬಾದಿನಲ್ಲಾಗಲಿ, ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಲ್ಲಾಗಲಿ, ಮಕ್ಕಳೂ ಅವರ ಜೊತೆ ಬಂದ ಅಪ್ಪ-ಅವ್ವನೂ ಮಾಡುವುದು ಒಂದೇ. ಕಣ್ಣು ಕಿರಿದು ಮಾಡಿ ಒಮ್ಮೆ ನೋಡುತ್ತಾರೆ, "ಮುನ್ನೂರು" ಎನ್ನುತ್ತಾರೆ, ಪಕ್ಕದವನು "ಸಾವಿರ" ಎಂದರೆ ತಾವೂ ಆರುನೂರಕ್ಕೆ ಏರುತ್ತಾರೆ. ಕೊನೆಗೆ ಗೆದ್ದವನನ್ನು ನಸೀಬಿನವನು ಎಂದು ಕರೆದು ಮನೆಗೆ ಹೋಗುತ್ತಾರೆ.

ಆ ಮಾತನ್ನು ನಾನು ಒಪ್ಪುವುದಿಲ್ಲ. ಬರಣಿಯ ಲೆಕ್ಕ ಕಲಿತರೆ ಬರುವ ವಿದ್ಯೆ. ಒಂದು ದಾರ, ಒಂದು ಸ್ಕೇಲು, ಗುಣಾಕಾರ-ಭಾಗಾಕಾರ ಬಲ್ಲ ತಲೆ, ಇಷ್ಟಿದ್ದರೆ ಹತ್ತು ನಿಮಿಷದಲ್ಲಿ ಸರಿಯುತ್ತರದ ಹತ್ತಿರ ಬಂದು ನಿಲ್ಲಬಹುದು. ಕಣದಲ್ಲಿ ರಾಶಿ ನೋಡಿ "ಇಷ್ಟು ಚೀಲ ಆಗ್ತದ" ಎಂದು ಹೇಳುವ ಹಿರಿಯರ ನಾಡಿದು. ಆ ಕಣ್ಣಳತೆಗೆ ಸ್ವಲ್ಪ ಗಣಿತ ಕೂಡಿಸಿದರೆ ಸಾಕು. ಹೇಗೆ ಎಂಬುದಕ್ಕೆ ಈ ಸೂತ್ರಗಳು.

1. ಮೊದಲ ನೋಟಕ್ಕೆ ಬಂದ ಸಂಖ್ಯೆಯನ್ನು ಬರೆಯಬೇಡಿ

ಹತ್ತು ಹನ್ನೆರಡರವರೆಗೆ ಕಣ್ಣು ಚೆನ್ನಾಗಿಯೇ ಅಂದಾಜು ಮಾಡುತ್ತದೆ. ನೂರು ದಾಟಿದ ಮೇಲೆ ಬಹುಪಾಲು ಜನರ ಕಣ್ಣು ಇರುವುದಕ್ಕಿಂತ ಕಡಿಮೆಯನ್ನೇ ಹೇಳುತ್ತದೆ. ಜೊತೆಗೆ ಎತ್ತರದ ಮೋಸ ಬೇರೆ. ಒಂದೇ ಪ್ರಮಾಣದ ನೀರನ್ನು ಅಗಲ ಲೋಟದಿಂದ ಉದ್ದ ಲೋಟಕ್ಕೆ ಸುರಿದರೆ ನೀರು ಹೆಚ್ಚಾಯಿತು ಎಂದು ಚಿಕ್ಕ ಮಕ್ಕಳು ನಂಬುತ್ತಾರೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನು ಪ್ರಯೋಗದಿಂದ ತೋರಿಸಿದರು. ದೊಡ್ಡವರಾದರೂ ಆ ಸೆಳೆತ ಪೂರ್ತಿ ಹೋಗುವುದಿಲ್ಲ. ಉದ್ದನೆಯ ತೆಳು ಬರಣಿ ಕಂಡರೆ ಹೆಚ್ಚು, ಕುಳ್ಳನೆಯ ಅಗಲ ಬರಣಿ ಕಂಡರೆ ಕಡಿಮೆ ಎಂದು ಮನಸ್ಸು ಓಡುತ್ತದೆ. ಅಗಲ ಎರಡು ಪಟ್ಟಾದರೆ ಒಳಗಿನ ಜಾಗ ನಾಲ್ಕು ಪಟ್ಟಾಗುತ್ತದೆ, ಎತ್ತರ ಎರಡು ಪಟ್ಟಾದರೆ ಎರಡೇ ಪಟ್ಟು. ಇದನ್ನು ನೆನಪಿಡಿ.

2. ಪ್ರಶ್ನೆಯನ್ನು ಮೂರು ತುಂಡು ಮಾಡಿ

ಬರಣಿಯ ಒಳಗೆ ಎಷ್ಟು ಜಾಗ? ಒಂದು ಪೆಪ್ಪರಮಿಂಟಿಗೆ ಎಷ್ಟು ಜಾಗ? ಬರಣಿಯ ಜಾಗದಲ್ಲಿ ನಿಜಕ್ಕೂ ಪೆಪ್ಪರಮಿಂಟು ತುಂಬಿರುವುದು ನೂರಕ್ಕೆ ಎಷ್ಟು ಪಾಲು? ಈ ಮೂರನ್ನು ಬೇರೆ ಬೇರೆಯಾಗಿ ಹಿಡಿಯಿರಿ. ಮೊದಲನೆಯದನ್ನು ಮೂರನೆಯದರಿಂದ ಗುಣಿಸಿ ಎರಡನೆಯದರಿಂದ ಭಾಗಿಸಿದರೆ ಉತ್ತರ.

ದೊಡ್ಡ ಪ್ರಶ್ನೆಯನ್ನು ಹೀಗೆ ಒಡೆಯುವುದರಲ್ಲಿ ಇಟಲಿ ಮೂಲದ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಹೆಸರುವಾಸಿ. 1945ರ ಜುಲೈ 16ರಂದು ಅಮೆರಿಕದ ಮರುಭೂಮಿಯಲ್ಲಿ ಮೊದಲ ಅಣುಬಾಂಬ್ ಪರೀಕ್ಷೆ ನಡೆದಾಗ ಅವರು ಕಾಗದದ ಚೂರುಗಳನ್ನು ಕೈಯಿಂದ ಬೀಳಿಸಿ, ಗಾಳಿಯ ಹೊಡೆತಕ್ಕೆ ಅವು ಎಷ್ಟು ದೂರ ಸರಿದವು ಎಂದು ನೋಡಿ, ಸ್ಫೋಟದ ಶಕ್ತಿ ಸುಮಾರು 10,000 ಟನ್ ಟಿಎನ್‌ಟಿ ಎಂದರು. ನಿಜವಾದ ಶಕ್ತಿ ಅದರ ಎರಡು ಪಟ್ಟಿನ ಆಸುಪಾಸು. ಕಾಗದದ ಚೂರಿನಿಂದ ಅಷ್ಟು ಹತ್ತಿರ ಹೋಗಬಹುದಾದರೆ, ಕೈಯಲ್ಲಿ ಹಿಡಿಯಬಹುದಾದ ಬರಣಿಯ ವಿಷಯದಲ್ಲಿ ನಾವು ಇನ್ನೂ ಹತ್ತಿರ ಹೋಗಬೇಕು.

3. ದಾರವಿದ್ದರೆ ಸಾಕು

ಬರಣಿಯ ಹೊಟ್ಟೆಗೆ ದಾರ ಸುತ್ತಿ, ಬಿಚ್ಚಿ, ಸ್ಕೇಲಿನ ಮೇಲೆ ಇಡಿ. ಬಂದ ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ. ಈ ಬರಹದ ಉದ್ದಕ್ಕೂ ನಮ್ಮ ಜೊತೆ ಒಂದೇ ಬರಣಿ ಇರಲಿ: ಸುತ್ತಳತೆ 39 ಸೆಂ.ಮೀ., ಅಂದರೆ ಹೊರಗಿನ ವ್ಯಾಸ 12.4. ಗಾಜು ಎರಡೂ ಕಡೆ 2 ಮಿ.ಮೀ. ದಪ್ಪವಿದೆ ಎಂದುಕೊಂಡರೆ ಒಳಗಿನ ವ್ಯಾಸ 12. ಪೆಪ್ಪರಮಿಂಟು ತುಂಬಿರುವ ಎತ್ತರ 18 ಸೆಂ.ಮೀ. ತ್ರಿಜ್ಯ 6ರ ವರ್ಗ 36, ಅದನ್ನು 3.14 ಮತ್ತು 18ರಿಂದ ಗುಣಿಸಿದರೆ 2,035 ಘನ ಸೆಂ.ಮೀ. ಎರಡು ಲೀಟರಿಗಿಂತ ಚೂರು ಹೆಚ್ಚು.

ಗಾಜಿನ ದಪ್ಪ ಕಳೆಯಲು ಮರೆತರೆ ಇದೇ ಬರಣಿ 2,170 ಘನ ಸೆಂ.ಮೀ. ಆಗುತ್ತದೆ. ಕೊನೆಯ ಉತ್ತರದಲ್ಲಿ ಅದು ಸುಮಾರು 38 ಪೆಪ್ಪರಮಿಂಟಿನ ತಪ್ಪು. ಬಹುಮಾನ ಕೈತಪ್ಪಲು ಅಷ್ಟೇ ಸಾಕು.

ಇಲ್ಲಿ ನೌಬಾದಿನವರು ಒಂದು ಕ್ಷಣ ತಮ್ಮ ಕಾಲಡಿಯ ನೆಲವನ್ನು ನೆನೆಯಬೇಕು. 15ನೇ ಶತಮಾನದ ಬಹಮನಿ ಕಾಲದ ಕರೇಜ್ ಅಲ್ಲೇ ಇದೆ. ನೆಲದೊಳಗಿನ ಜಲವನ್ನು ಸುರಂಗದ ಮೂಲಕ, ಯಂತ್ರವಿಲ್ಲದೆ, ಬರೀ ಇಳಿಜಾರಿನ ಬಲದಿಂದ ಹರಿಸುವ ವ್ಯವಸ್ಥೆ ಅದು. ಸುರಂಗದ ಮೇಲೆ ಸಾಲಾಗಿ ಗಾಳಿಬಾವಿಗಳಿವೆ. ಇಳಿಜಾರು ಹೆಚ್ಚಾದರೆ ನೀರು ಮಣ್ಣನ್ನು ಕೊರೆಯುತ್ತದೆ, ಕಡಿಮೆಯಾದರೆ ನಿಲ್ಲುತ್ತದೆ. ಕಾಣದ ನೆಲದೊಳಗೆ ಅಂಥ ಅಳತೆ ಹಿಡಿದವರ ಊರಿನಲ್ಲಿ ಕಾಣುವ ಬರಣಿಗೆ ಹೆದರುವುದು ಬೇಡ.

4. ಒಂದನ್ನಲ್ಲ, ಹತ್ತನ್ನು ಅಳೆಯಿರಿ

ಪೆಪ್ಪರಮಿಂಟಿನ ಅಗಲದಲ್ಲಿ ಆಗುವ ತಪ್ಪು ಮೂರು ಪಟ್ಟು ಬೆಳೆಯುತ್ತದೆ. ಅಗಲವನ್ನು ಮೂರು ಬಾರಿ ಗುಣಿಸುವುದೇ ಇದಕ್ಕೆ ಕಾರಣ. ನಮ್ಮ ಪೆಪ್ಪರಮಿಂಟು ಗುಂಡಗಿದೆ, ವ್ಯಾಸ 1.6 ಸೆಂ.ಮೀ. ನೀವು 1.7 ಎಂದು ಓದಿದಿರಿ ಎನ್ನಿ. ಒಂದೇ ಮಿಲಿಮೀಟರ್! ಆದರೆ ಕೊನೆಯ ಉತ್ತರ 570ರ ಬದಲು 475ಕ್ಕೆ ಬಂದು ನಿಲ್ಲುತ್ತದೆ.

ಅದಕ್ಕೇ ಅಂಗಡಿಯಿಂದ ಅದೇ ಬಗೆಯ ಹತ್ತು ಪೆಪ್ಪರಮಿಂಟು ತಂದು, ಎರಡು ಪುಸ್ತಕಗಳ ನಡುವೆ ಸಾಲಾಗಿ ಜೋಡಿಸಿ, ಒಟ್ಟು ಉದ್ದ ಅಳೆದು ಹತ್ತರಿಂದ ಭಾಗಿಸಿ. ಮುಟ್ಟಲು ಬಿಡದ ಸ್ಪರ್ಧೆಯಾದರೆ ಗಾಜಿಗೆ ಅಂಟಿಕೊಂಡ ಐದಾರನ್ನು ಮೇಲಿನಿಂದ ಕೆಳಕ್ಕೆ ಅಳೆಯಿರಿ. ಗುಂಡನೆಯ ಬರಣಿ ಒಳಗಿನ ವಸ್ತುವನ್ನು ಅಡ್ಡಕ್ಕೆ ಹಿಗ್ಗಿಸಿ ತೋರಿಸುತ್ತದೆ, ಉದ್ದಕ್ಕೆ ಹಾಗೆ ಮಾಡುವುದಿಲ್ಲ.

5. ಗುಂಡಿನ ಲೆಕ್ಕಕ್ಕೆ "ಅರ್ಧ ಮತ್ತು ಚೂರು"

ವ್ಯಾಸವನ್ನು ಮೂರು ಬಾರಿ ಗುಣಿಸಿ, 0.5236ರಿಂದ ಗುಣಿಸಿದರೆ ಗುಂಡಿನ ಘನಫಲ. ಬಾಯಿಲೆಕ್ಕಕ್ಕೆ ಅರ್ಧ ಮಾಡಿ, ಬಂದದ್ದಕ್ಕೆ ನೂರಕ್ಕೆ ಐದು ಸೇರಿಸಿ. 1.6ರ ಘನ 4.1, ಅರ್ಧ 2.05, ಚೂರು ಸೇರಿಸಿದರೆ 2.15. ಕಾಗದದ ಮೇಲೆ ಮಾಡಿದರೆ 2.14.

ಈ ಲೆಕ್ಕ ನಮ್ಮ ಸೀಮೆಗೆ ಹೊಸದಲ್ಲ. ಇಲ್ಲಿಂದ ದಕ್ಷಿಣಕ್ಕೆ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಆಳುತ್ತಿದ್ದ 9ನೇ ಶತಮಾನದಲ್ಲಿ ಜೈನ ಗಣಿತಜ್ಞ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಗುಂಡಿನ ಘನಫಲಕ್ಕೆ ಅವರು ಎರಡು ದಾರಿ ಕೊಟ್ಟರು. ವ್ಯವಹಾರಕ್ಕೆ ಸಾಕಾಗುವ ಸ್ಥೂಲ ಲೆಕ್ಕ ಒಂದು: ತ್ರಿಜ್ಯದ ಘನದ ನಾಲ್ಕೂವರೆ ಪಟ್ಟು. ಸೂಕ್ಷ್ಮ ಲೆಕ್ಕ ಇನ್ನೊಂದು: ಅದರ ಹತ್ತರಲ್ಲಿ ಒಂಬತ್ತು ಪಾಲು. ನಮ್ಮ ಪೆಪ್ಪರಮಿಂಟಿಗೆ ಹಾಕಿ ನೋಡಿದರೆ ಸ್ಥೂಲ 2.30, ಸೂಕ್ಷ್ಮ 2.07. ಇಂದಿನ ಉತ್ತರ ಇವೆರಡರ ನಡುವೆ. ನನಗೆ ಇದರಲ್ಲಿ ಇಷ್ಟವಾಗುವುದು ಅವರ ಮನೋಧರ್ಮ. ಎಲ್ಲಿ ಸ್ಥೂಲ ಸಾಕು, ಎಲ್ಲಿ ಸೂಕ್ಷ್ಮ ಬೇಕು ಎಂದು ಓದುಗನೇ ಆರಿಸಿಕೊಳ್ಳಲಿ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟರು. ಅಂದಾಜು ಮಾಡುವವರಿಗೆ ಅದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

6. ಗಾಳಿಯನ್ನು ಕಳೆಯಿರಿ

ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ. ಲೆಕ್ಕ ಬಲ್ಲ ಹುಡುಗರು 2,035ನ್ನು 2.14ರಿಂದ ಭಾಗಿಸಿ 950 ಎಂದು ಬರೆದು ಹೆಮ್ಮೆಯಿಂದ ಹಿಂದಿರುಗುತ್ತಾರೆ. ಗುಂಡುಗಳ ನಡುವಿನ ಸಂದುಗಳನ್ನು ಅವರು ಮರೆತಿರುತ್ತಾರೆ. ಬರಣಿಯಲ್ಲಿ ನೂರಕ್ಕೆ ನಲವತ್ತು ಪಾಲು ಬರೀ ಗಾಳಿ.

ಗುಂಡುಗಳನ್ನು ಎಷ್ಟು ಜಾಣತನದಿಂದ ಜೋಡಿಸಿದರೂ ಸಂದು ಉಳಿಯುತ್ತದೆ. ಬೀದರ್ ಕೋಟೆಯ ಬುರುಜುಗಳ ಮೇಲಿನ ತೋಪುಗಳನ್ನು ನೋಡಿದವರಿಗೆ ಆ ಕಾಲದ ಸೈನ್ಯಗಳಿಗೆ ಗುಂಡು ಜೋಡಿಸಿಡುವುದೂ ಒಂದು ಚಿಂತೆಯಾಗಿತ್ತು ಎಂದು ಹೇಳಬೇಕಿಲ್ಲ. ಯುರೋಪಿನಲ್ಲಿ ಹಡಗಿನ ಮೇಲೆ ತೋಪಿನ ಗುಂಡು ಪೇರಿಸುವ ಪ್ರಶ್ನೆಯಿಂದಲೇ ಈ ಗಣಿತ ಶುರುವಾಯಿತು. 1611ರಲ್ಲಿ ಜರ್ಮನಿಯ ಖಗೋಳಜ್ಞ ಯೊಹಾನೆಸ್ ಕೆಪ್ಲರ್, ಹಣ್ಣಿನ ವ್ಯಾಪಾರಿ ಮೋಸಂಬಿ ಪೇರಿಸುವ ಹಾಗೆ ಕೆಳಗಿನ ಸಾಲಿನ ಗುಳಿಯಲ್ಲಿ ಮೇಲಿನದನ್ನು ಕೂರಿಸುವುದೇ ಅತ್ಯಂತ ಒತ್ತಾದ ಜೋಡಣೆ ಎಂದು ಹೇಳಿದರು. ಹಾಗೆ ಪೇರಿಸಿದರೂ ತುಂಬುವುದು ಶೇ 74 ಮಾತ್ರ. ಅದಕ್ಕಿಂತ ಒತ್ತಾಗಿ ಜೋಡಿಸಲು ಸಾಧ್ಯವೇ ಇಲ್ಲ ಎಂದು ಸಾಧಿಸಲು ಗಣಿತಲೋಕಕ್ಕೆ ನಾಲ್ಕು ಶತಮಾನ ಹಿಡಿಯಿತು. ಅಮೆರಿಕದ ಥಾಮಸ್ ಹೇಲ್ಸ್ 1998ರಲ್ಲಿ ಸಾಧನೆ ಮುಂದಿಟ್ಟರು, ಪರಿಶೀಲಕರು ವರ್ಷಗಟ್ಟಲೆ ತಡಕಾಡಿದರು, ಕೊನೆಗೆ ಕಂಪ್ಯೂಟರಿನಿಂದ ಹೆಜ್ಜೆಹೆಜ್ಜೆಯನ್ನೂ ತಾಳೆ ನೋಡುವ ಕೆಲಸ 2014ರಲ್ಲಿ ಮುಗಿಯಿತು.

ಬರಣಿಗೆ ಪೆಪ್ಪರಮಿಂಟನ್ನು ಯಾರೂ ಪೇರಿಸಿ ಇಡುವುದಿಲ್ಲ, ಸುರಿಯುತ್ತಾರೆ. ಸುರಿದ ಗುಂಡುಗಳ ಲೆಕ್ಕವನ್ನು 1960ರಲ್ಲಿ ಕೆನಡಾದ ಟೊರಾಂಟೊದ ಜಿ. ಡಿ. ಸ್ಕಾಟ್ ಉಕ್ಕಿನ ಗುಂಡುಗಳಿಂದ ಮಾಡಿ ನೋಡಿದರು. ಸುಮ್ಮನೆ ಸುರಿದರೆ ಶೇ 60, ಅಲುಗಾಡಿಸಿ ಕೂರಿಸಿದರೆ ಶೇ 64ರ ಹತ್ತಿರ. ಅಲ್ಲಿಂದ ಮುಂದೆ ಎಷ್ಟು ಅಲುಗಾಡಿಸಿದರೂ ಹೆಚ್ಚು ಏರುವುದಿಲ್ಲ. ಕಿರಾಣಿ ಅಂಗಡಿಯಲ್ಲಿ "ಕಾಕಾ, ಡಬ್ಬಿ ತಟ್ಟಿ ತುಂಬ್ರಿ" ಎನ್ನುವವರು ಕೇಳುತ್ತಿರುವುದು ಆ ನಾಲ್ಕು ಪಾಲನ್ನು.

ನನ್ನ ಮಾತು ನಂಬಬೇಕಿಲ್ಲ, ಮನೆಯಲ್ಲೇ ಮಾಡಿ ನೋಡಿ. ಒಂದು ಲೀಟರ್ ಪಾತ್ರೆಗೆ ಆಡುವ ಗಾಜಿನ ಗೋಲಿ ಬಾಯಿ ಸಮ ತುಂಬಿ. ಈಗ ಅಳತೆಯ ಲೋಟದಿಂದ ನೀರು ಹೊಯ್ಯಿರಿ. ಸುಮಾರು 400 ಮಿಲಿಲೀಟರ್ ಒಳಗೆ ಇಳಿಯುತ್ತದೆ. ತುಂಬಿದಂತೆ ಕಾಣುತ್ತಿದ್ದ ಪಾತ್ರೆಯಲ್ಲಿ ಅಷ್ಟು ನೀರು ಮಾಯವಾಗುವುದನ್ನು ಕಂಡ ಮಗು ಮುಂದೆಂದೂ ಗಾಳಿಯನ್ನು ಮರೆಯುವುದಿಲ್ಲ. ಪೆಪ್ಪರಮಿಂಟಿಗೆ ಮಾತ್ರ ನೀರು ಹೊಯ್ಯಬೇಡಿ, ಸಕ್ಕರೆ ಕರಗುತ್ತದೆ.

ನಮ್ಮ ಬರಣಿಗೆ ಬರೋಣ. 2,035ರ ಶೇ 60 ಅಂದರೆ 1,221. ಅದನ್ನು 2.14ರಿಂದ ಭಾಗಿಸಿದರೆ 570.

7. ಆಕಾರ ಬದಲಾದರೆ ಶೇಕಡಾವೂ ಬದಲು

ಜೆಮ್ಸ್ ಥರದ ಚಪ್ಪಟೆ ಚಾಕಲೇಟ್ ಗುಂಡಿಗಳು ಗುಂಡು ಪೆಪ್ಪರಮಿಂಟಿಗಿಂತ ಒತ್ತಾಗಿ ಕೂರುತ್ತವೆ. ಇದನ್ನು ಕಂಡುಹಿಡಿದದ್ದು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು. ಪಾಲ್ ಚೈಕಿನ್, ಸಾಲ್ವಟೋರ್ ಟೊರ್ಕ್ವಾಟೊ, ಅಲೆಕ್ಸಾಂಡರ್ ದೊನೆವ್ ಮತ್ತು ಸಂಗಡಿಗರು ಎಂ ಅಂಡ್ ಎಂ ಚಾಕಲೇಟ್‌ಗಳನ್ನೇ ಪಾತ್ರೆಗೆ ಸುರಿದು ಅಳೆದು 2004ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಗುಂಡುಗಳು ಶೇ 64ಕ್ಕೆ ನಿಂತರೆ ಇವು ಶೇ 68ನ್ನು ಮುಟ್ಟುತ್ತವೆ. ಗುಂಡು ಹೇಗೆ ತಿರುಗಿದರೂ ಒಂದೇ. ಚಪ್ಪಟೆಯದು ತಿರುಗಿ ವಾಲಿ ಪಕ್ಕದ್ದರ ಸಂದಿಗೆ ಹೊಂದಿಕೊಳ್ಳುತ್ತದೆ. ಮಕ್ಕಳು ತಿನ್ನುವ ವಸ್ತುವಿನಿಂದ ಅಷ್ಟು ದೊಡ್ಡ ಪತ್ರಿಕೆಗೆ ಹೋಗುವ ವಿಜ್ಞಾನ ಹುಟ್ಟಿತು ಎಂಬುದನ್ನು ಪ್ರತಿ ಶಾಲೆಯಲ್ಲೂ ಹೇಳಬೇಕು.

ಚಪ್ಪಟೆ ಗುಂಡಿಯ ಘನಫಲಕ್ಕೆ ಅಗಲ × ಅಗಲ × ದಪ್ಪ × 0.52. ಅಗಲ 1.2, ದಪ್ಪ 0.6 ಸೆಂ.ಮೀ. ಇದ್ದರೆ 0.45 ಘನ ಸೆಂ.ಮೀ. ಒಂದು ಲೀಟರ್ ಬರಣಿಯಲ್ಲಿ 1,000ದ ಶೇ 68ನ್ನು 0.45ರಿಂದ ಭಾಗಿಸಿ: ಸುಮಾರು 1,500.

ಎರಡೂ ತುದಿ ತಿರುಚಿದ ಕಾಗದದ ಚಾಕಲೇಟು, ಮುಳ್ಳುಮುಳ್ಳಾದ ಸಂಕ್ರಾಂತಿಯ ಕುಸುರೆಳ್ಳು, ಸಕ್ಕರೆ ಹಚ್ಚಿದ ಬಡೇಸೋಪು, ಇವುಗಳಿಗೆ ಯಾವ ಪುಸ್ತಕದ ಶೇಕಡಾವೂ ಹೊಂದುವುದಿಲ್ಲ. ಅಲ್ಲಿ ಸೂತ್ರ ಬಿಟ್ಟು ಲೋಟ ಹಿಡಿಯಿರಿ. ಅದೇ ತಿನಿಸನ್ನು ಅಳತೆ ಗೊತ್ತಿರುವ ಚಿಕ್ಕ ಲೋಟಕ್ಕೆ ತುಂಬಿ ಎಣಿಸಿ, ಬರಣಿ ಎಷ್ಟು ಲೋಟ ಹಿಡಿಯುತ್ತದೆ ನೋಡಿ ಗುಣಿಸಿ. ಕುಸುರೆಳ್ಳಿಗೆ ಚಮಚವೇ ಲೋಟ. ಈ ದಾರಿಯಲ್ಲಿ ಗಾಳಿ ತಾನಾಗಿಯೇ ಲೆಕ್ಕಕ್ಕೆ ಸೇರಿರುತ್ತದೆ, ಬೇರೆ ಕಳೆಯಬೇಕಿಲ್ಲ.

8. ಗೋಡೆ, ತಳ, ಕುತ್ತಿಗೆ

ಗಾಜಿನ ಗೋಡೆ ಚಪ್ಪಟೆ, ಪೆಪ್ಪರಮಿಂಟು ಗುಂಡು. ಹಾಗಾಗಿ ಗೋಡೆಯ ಪಕ್ಕ ಸಂದು ಹೆಚ್ಚು. ಬರಣಿಯ ಅಡ್ಡಗಲಕ್ಕೆ ಹತ್ತು ಪೆಪ್ಪರಮಿಂಟೂ ಹಿಡಿಯದಿದ್ದರೆ ಶೇ 64ರ ಆಸೆ ಬಿಟ್ಟು 60 ಅಥವಾ ಅದಕ್ಕಿಂತ ತುಸು ಕೆಳಗೇ ಇರಿ. ತಳವನ್ನು ಎತ್ತಿ ನೋಡಿ, ಕೆಲವು ಬರಣಿಗಳ ತಳ ಒಳಕ್ಕೆ ಉಬ್ಬಿರುತ್ತದೆ. ಕುತ್ತಿಗೆ ಕಿರಿದಾಗಿದ್ದರೆ ಹೊಟ್ಟೆ ಬೇರೆ, ಕುತ್ತಿಗೆ ಬೇರೆ ಅಳೆದು ಕೂಡಿಸಿ.

9. ಪದರ ಎಣಿಸಿ ತಾಳೆ ನೋಡಿ

ಒಂದೇ ದಾರಿಯಲ್ಲಿ ಬಂದ ಉತ್ತರಕ್ಕೆ ಸಾಕ್ಷಿ ಬೇಕು. ಬರಣಿ ಎತ್ತಿ ಕೆಳಗಿನಿಂದ ನೋಡಿ ತಳದ ಪದರ ಎಣಿಸಿ. ನಮ್ಮ ಬರಣಿಯಲ್ಲಿ ಸುಮಾರು 45 ಇರುತ್ತವೆ. 18 ಸೆಂ.ಮೀ. ಎತ್ತರಕ್ಕೆ ಎಷ್ಟು ಪದರ? 1.6ರಿಂದ ಭಾಗಿಸಿದರೆ 11 ಚಿಲ್ಲರೆ, ಒಟ್ಟು 506. ಇದು ಕಡಿಮೆ. ಮೇಲಿನ ಪದರ ಕೆಳಗಿನದರ ಗುಳಿಯಲ್ಲಿ ಇಳಿದು ಕೂರುವುದರಿಂದ ಪದರದ ಎತ್ತರ ಪೆಪ್ಪರಮಿಂಟಿನಷ್ಟು ಇರುವುದಿಲ್ಲ. ಪೂರ್ತಿ ಒತ್ತಾಗಿ ಕೂತರೆ ವ್ಯಾಸದ ಹತ್ತರಲ್ಲಿ ಎಂಟು ಪಾಲಿನಷ್ಟು. ಆಗ ಪದರ ಸುಮಾರು 14, ಒಟ್ಟು 630. ಸುರಿದ ರಾಶಿ ಇವೆರಡರ ನಡುವೆ ಎಲ್ಲೋ ಇರುತ್ತದೆ. ನಮ್ಮ 570 ಸರಿಯಾಗಿ ನಡುವೆ ಬಿತ್ತು. ಎರಡು ಬೇರೆ ದಾರಿಗಳು ಒಂದೇ ಊರಿಗೆ ತಂದರೆ ಧೈರ್ಯವಾಗಿ ಮುಂದೆ ಹೋಗಬಹುದು. 300 ಮತ್ತು 900 ಎಂದು ಎಳೆದಾಡಿದರೆ ಎಲ್ಲೋ ಅಳತೆ ತಪ್ಪಿದೆ, ಮೊದಲಿನಿಂದ ನೋಡಿ.

10. ತೂಕ ಸಿಕ್ಕರೆ ಬಿಡಬೇಡಿ

ಬರಣಿಯನ್ನು ಎತ್ತಲು ಬಿಟ್ಟರೆ ಅದು ದೊಡ್ಡ ಸುಳಿವು. ಗಟ್ಟಿ ಸಕ್ಕರೆ ಪೆಪ್ಪರಮಿಂಟು ಅದೇ ಗಾತ್ರದ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ನಮ್ಮದು ಒಂದೊಂದು 3.2 ಗ್ರಾಂ ತೂಗುತ್ತದೆ, 570ಕ್ಕೆ 1.8 ಕಿಲೋ. ಖಾಲಿ ಬರಣಿಯ ತೂಕ ಬಿಟ್ಟು ಕೈಗೆ ಅಷ್ಟು ಭಾರ ಬಂದರೆ ಲೆಕ್ಕ ಸರಿ. ಒಂದನ್ನು ತೂಗಬೇಡಿ, ನೂರನ್ನು ತೂಗಿ. ಅಂಗಡಿಯ ತಕ್ಕಡಿಗೆ ಒಂದರ ತೂಕ ಹಿಡಿಯುವ ಸೂಕ್ಷ್ಮ ಇರುವುದಿಲ್ಲ.

ನೂರರ ತೂಕ ನಮ್ಮ ರೈತರಿಗೆ ಹತ್ತಿರದ ವಿಷಯ. ಬೀಜದ ಗುಣ ಹೇಳುವಾಗ ಕೃಷಿ ವಿಜ್ಞಾನಿಗಳು ಕೊಡುವುದು ನೂರು ಕಾಳಿನ ತೂಕವನ್ನೇ. ಜೆಜಿ-11 ಕಡಲೆಯ ನೂರು ಕಾಳು ಸುಮಾರು 22 ಗ್ರಾಂ. ಸಾಲಿನಿಂದ ಸಾಲಿಗೆ 30, ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಬಿಟ್ಟರೆ ಎಕರೆಗೆ 1.35 ಲಕ್ಷ ಕಾಳು ಬೇಕು. ಗುಣಿಸಿ ನೋಡಿ, 30 ಕಿಲೋಗೆ ಹತ್ತಿರ ಬರುತ್ತದೆ. ಕಾಳು ದಪ್ಪಗಿರುವ ಕಾಬೂಲಿ ಕಡಲೆಗೆ ಅದೇ 30 ಕಿಲೋ ಹಾಕಿದರೆ ಹೊಲದಲ್ಲಿ ಗಿಡ ಕಡಿಮೆಯಾಗುತ್ತವೆ, ಕಿಲೋಗೆ ಬರುವ ಕಾಳುಗಳ ಸಂಖ್ಯೆಯೇ ಕಡಿಮೆ. ಬರಣಿಯ ಲೆಕ್ಕ ಕಲಿತ ಮಗು ನಾಳೆ ಅಪ್ಪನ ಬಿತ್ತನೆಯ ಲೆಕ್ಕ ಮಾಡಬಲ್ಲದು. ನಿಮ್ಮ ತಳಿಯ ನೂರು ಕಾಳಿನ ತೂಕ ತಿಳಿಯದಿದ್ದರೆ ಮನೆಯಲ್ಲೇ ಎಣಿಸಿ ತೂಗಿ, ಇಲ್ಲವೇ ಜನವಾಡದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

11. ರಾಶಿ ಹಾಕಿದ್ದರೆ ಭಾಸ್ಕರಾಚಾರ್ಯರನ್ನು ಕೇಳಿ

ಕೆಲವು ಕಡೆ ಬರಣಿಯ ಬದಲು ಪರಾತದಲ್ಲಿ ಪೆಪ್ಪರಮಿಂಟು ರಾಶಿ ಹಾಕಿರುತ್ತಾರೆ. 1150ರ 'ಲೀಲಾವತಿ'ಯಲ್ಲಿ ಇದಕ್ಕೆಂದೇ ರಾಶಿವ್ಯವಹಾರ ಎಂಬ ಭಾಗವಿದೆ. ನೆಲದ ಮೇಲೆ ಸುರಿದ ಧಾನ್ಯದ ರಾಶಿಯ ಸುತ್ತಳತೆಯೊಂದನ್ನು ಅಳೆದರೆ ಸಾಕು ಎನ್ನುತ್ತಾರೆ ಭಾಸ್ಕರಾಚಾರ್ಯರು. ದಪ್ಪ ಕಾಳಿನ ರಾಶಿಯ ಎತ್ತರ ಸುತ್ತಳತೆಯ ಹತ್ತನೇ ಒಂದು ಪಾಲು, ಸಣ್ಣ ಕಾಳಿನದು ಹನ್ನೊಂದನೇ ಒಂದು, ಮುಳ್ಳಿರುವ ಧಾನ್ಯದ್ದು ಒಂಬತ್ತನೇ ಒಂದು. ಸಣ್ಣ ಕಾಳು ಜಾರಿ ಹರಡುತ್ತದೆ, ಮುಳ್ಳಿನ ಧಾನ್ಯ ಒಂದಕ್ಕೊಂದು ಹಿಡಿದು ಎತ್ತರ ನಿಲ್ಲುತ್ತದೆ. ಕಣದಲ್ಲಿ ನಿಂತು ನೋಡಿದವರು ಮಾತ್ರ ಬರೆಯಬಹುದಾದ ಮಾತು ಇದು. ಸುತ್ತಳತೆಯ ಆರನೇ ಒಂದು ಪಾಲನ್ನು ಅದರಿಂದಲೇ ಗುಣಿಸಿ, ಮತ್ತೆ ಎತ್ತರದಿಂದ ಗುಣಿಸಿದರೆ ರಾಶಿಯ ಘನಫಲ. ಗೋಡೆಗೆ ಒರಗಿದ ರಾಶಿ, ಕೋಣೆಯ ಮೂಲೆಯ ರಾಶಿ, ಹೊರಮೂಲೆಯ ರಾಶಿ, ಎಲ್ಲಕ್ಕೂ ಅವರು ಲೆಕ್ಕ ಕೊಟ್ಟಿದ್ದಾರೆ.

ಪರಾತದ ರಾಶಿಯ ಸುತ್ತಳತೆ 60 ಸೆಂ.ಮೀ., ಎತ್ತರ 6 ಇದ್ದರೆ, ಹತ್ತು ಹತ್ತಲೆ ನೂರು, ನೂರಾರಲೆ 600 ಘನ ಸೆಂ.ಮೀ. ಪರಿಧಿ ವ್ಯಾಸದ ಮೂರು ಪಟ್ಟು ಎಂದು ಹಿಡಿದ ಸೂತ್ರವಾದ್ದರಿಂದ ನೂರಕ್ಕೆ ನಾಲ್ಕೈದು ಕಳೆಯಿರಿ. ಆಮೇಲೆ ಗಾಳಿ ಕಳೆದು ಭಾಗಿಸಿದರೆ ಸುಮಾರು 160 ಪೆಪ್ಪರಮಿಂಟು. ಬರಣಿಯ ಬಾಯಿ ಮೀರಿ ಏರಿಸಿದ ಗುಡ್ಡೆಗೂ ಇದೇ ದಾರಿ.

12. ನಿಮ್ಮದನ್ನು ಬರೆದಿಟ್ಟ ಮೇಲೆ ಊರಿನವರನ್ನು ಕೇಳಿ

ಮೊದಲೇ ಬೇರೆಯವರ ಸಂಖ್ಯೆ ಕಿವಿಗೆ ಬಿದ್ದರೆ ನಿಮ್ಮ ತಲೆ ಅದರ ಸುತ್ತಲೇ ತಿರುಗುತ್ತದೆ. ಆದ್ದರಿಂದ ಲೆಕ್ಕ ಮುಗಿಸಿ, ಚೀಟಿಯಲ್ಲಿ ಬರೆದು ಮಡಚಿ, ಆಮೇಲೆ ಕೇಳಿ. ಆಗ ಗುಂಪಿನ ಉತ್ತರ ನಿಜವಾದ ಸಹಾಯ.

1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಜಾತ್ರೆಯಲ್ಲಿ ಒಂದು ಎತ್ತಿನ ಮಾಂಸದ ತೂಕ ಊಹಿಸುವ ಸ್ಪರ್ಧೆ ನಡೆಯಿತು. ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 787 ಚೀಟಿಗಳನ್ನು ಪಡೆದು ಸಾಲಾಗಿ ಜೋಡಿಸಿ ನಡುವಿನದನ್ನು ತೆಗೆದರು: 1,207 ಪೌಂಡ್. ನಿಜವಾದ ತೂಕ 1,198. ಬರಣಿಯದ್ದೇ ಪ್ರಯೋಗವನ್ನು ಅಮೆರಿಕದ ಹಣಕಾಸು ತಜ್ಞ ಜಾಕ್ ಟ್ರೇನರ್ ತಮ್ಮ ತರಗತಿಯಲ್ಲಿ ಮಾಡಿ 1987ರಲ್ಲಿ ಬರೆದರು. ಬರಣಿಯಲ್ಲಿ 850 ಜೆಲ್ಲಿ ಮಿಠಾಯಿ. 56 ವಿದ್ಯಾರ್ಥಿಗಳ ಸರಾಸರಿ 871. ಒಬ್ಬೊಬ್ಬರಾಗಿ ನೋಡಿದರೆ ಅದಕ್ಕಿಂತ ಹತ್ತಿರ ಬಂದವರು ಒಬ್ಬರೇ.

ಆದರೆ ಒಂದು ಷರತ್ತು. ಪ್ರತಿಯೊಬ್ಬರೂ ತಾವೇ ಯೋಚಿಸಿ ಹೇಳಿದ್ದರೆ ಮಾತ್ರ ಇದು ಫಲಿಸುತ್ತದೆ. ಮೊದಲು ಕೂಗಿದವನ ಸಂಖ್ಯೆಯನ್ನೇ ಎಲ್ಲರೂ ಹಿಂಬಾಲಿಸಿದ್ದರೆ ನೂರು ಚೀಟಿಯೂ ಒಂದೇ ಚೀಟಿ. ಸ್ಪರ್ಧೆ ನಡೆಸುವ ಗುರುಗಳು ದಯವಿಟ್ಟು ಮಕ್ಕಳಿಂದ ಕೂಗಿಸಬೇಡಿ, ಬರೆಸಿ. ಜೋರು ದನಿಯ ಹುಡುಗನ ಮುಂದೆ, ಸರಿಯಾಗಿ ಲೆಕ್ಕ ಹಾಕಿದ ಮೆಲುದನಿಯ ಹುಡುಗಿ ತನ್ನ ಉತ್ತರ ಬದಲಿಸಿಕೊಳ್ಳುವುದು ಅನ್ಯಾಯ.

13. ದುಂಡು ಸಂಖ್ಯೆ ಬರೆಯಬೇಡಿ

500, 600, 1,000 ಬರೆಯುವವರು ಬಹಳ. ಸರಿಯುತ್ತರ 574 ಆಗಿ, 570 ಬರೆದವರು ನಾಲ್ಕು ಜನ ಇದ್ದರೆ ಚೀಟಿ ಎತ್ತಬೇಕಾಗುತ್ತದೆ. 572 ಬರೆದವನಿಗೆ ಆ ಗೊಡವೆ ಇಲ್ಲ. ಜೊತೆಗೆ ನಿಮ್ಮ ಮಿತಿಯನ್ನೂ ಪಕ್ಕದಲ್ಲಿ ಗುರುತು ಮಾಡಿಕೊಳ್ಳಿ: ಶೇ 57 ತುಂಬಿದ್ದರೆ 540, ಶೇ 63 ತುಂಬಿದ್ದರೆ 600. ಉತ್ತರ ಈ ಅಂಗಳದೊಳಗೆ ಬಿದ್ದರೆ, ಬಹುಮಾನ ಬೇರೆಯವರಿಗೆ ಹೋದರೂ ನಿಮ್ಮ ಲೆಕ್ಕ ಗೆದ್ದಿದೆ.

14. ಮುಚ್ಚಳ ತೆಗೆದ ಮೇಲೆ ಮನೆಗೆ ಓಡಬೇಡಿ

ಎಣಿಕೆ ನಡೆಯುವಾಗ ನಿಂತು ನೋಡಿ. ಹತ್ತತ್ತರ ಗುಂಪು ಮಾಡಿ, ಹತ್ತು ಗುಂಪಿಗೆ ಒಂದು ಸಾಲು ಮಾಡಿ ಎಣಿಸಿದರೆ ತಪ್ಪಾಗುವುದಿಲ್ಲ. ಬಂದ ಸಂಖ್ಯೆಯನ್ನು ಒಂದರ ಘನಫಲದಿಂದ ಗುಣಿಸಿ ಬರಣಿಯ ಘನಫಲದಿಂದ ಭಾಗಿಸಿ. ನಮ್ಮ ಬರಣಿಯಲ್ಲಿ 583 ಬಂದರೆ, 583ನ್ನು 2.14ರಿಂದ ಗುಣಿಸಿ 2,035ರಿಂದ ಭಾಗಿಸಿದಾಗ 0.61. ಆ ಅಂಗಡಿಯ ಆ ಪೆಪ್ಪರಮಿಂಟು, ಆ ಗಾತ್ರದ ಬರಣಿಯಲ್ಲಿ ಶೇ 61 ತುಂಬುತ್ತದೆ ಎಂದು ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಗುಂಡು, ಚಪ್ಪಟೆ, ಕಾಗದ ಸುತ್ತಿದ್ದು ಎಂದು ಒಂದೊಂದು ಬಗೆಗೆ ಒಂದೊಂದು ಸಾಲು. ಮುಂದಿನ ಮೇಳಕ್ಕೆ ಹೋಗುವಾಗ ಸ್ಕಾಟ್ ಅವರ 60ರ ಬದಲು ನಿಮ್ಮದೇ 61 ಕೈಯಲ್ಲಿರುತ್ತದೆ.